ಇಪ್ಪತ್ತಾರು ಕಾಲಿನ ಜಗಳ

ಮನುಷ್ಯರಿಗೆ ಸಿಟ್ಟು ಬರಲು ಮರ್ಯಾದಸ್ಥ ಕಾರಣಗಳು ಬೇಕಾದಷ್ಟಿವೆ. ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ರಾಜಕೀಯದ ಸುದ್ದಿ ಕೇಳಿದರೆ ಸಿಟ್ಟು. ಕೆಳಗಿನ ಮನೆಯ ನಿವೃತ್ತ ಟೀಚರಿಗೆ ಈಗಿನ ಮಕ್ಕಳ ಕೈಬರಹ ನೋಡಿದರೆ ಸಿಟ್ಟು. ನಮ್ಮ ಮನೆಯವರು ಬ್ಯಾಂಕಿನವರು, ಅವರಿಗೆ ಸೋಮವಾರ ಎಂದರೆ ಸಿಟ್ಟು. ಇವರೆಲ್ಲ ತಮ್ಮ ಸಿಟ್ಟನ್ನು ಲಿಫ್ಟಿನಲ್ಲಿ ನಿಂತು ಇನ್ನೊಬ್ಬರಿಗೆ ಹೇಳಿಕೊಳ್ಳಬಹುದು, ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಾರೆ. ನನ್ನ ಸಿಟ್ಟಿಗೆ ಆ ಭಾಗ್ಯವಿಲ್ಲ. ನನಗೆ ಸಿಟ್ಟು ಬರುವುದು ತೂತುಗಳ ಮೇಲೆ. ಒಂದು ತೂತಿಗೂ ಪಕ್ಕದ ತೂತಿಗೂ ನಡುವೆ ಇರಬೇಕಾದ ದೂರ ಇಲ್ಲದೆ ಹೋದಾಗ ನನ್ನ ರಕ್ತ ಕುದಿಯುತ್ತದೆ. ಇದನ್ನೂ ಒಮ್ಮೆ ಲಿಫ್ಟಿನಲ್ಲಿ ಹೇಳಿ ನೋಡಿದೆ. ಕಾರ್ಯದರ್ಶಿ ತಮ್ಮ ಮಹಡಿ ಬರುವ ಮೊದಲೇ ಇಳಿದು ಮೆಟ್ಟಿಲು ಹತ್ತಿಕೊಂಡು ಹೋದರು.

ನಾನು ದಾವಣಗೆರೆಯವಳು, ಹೆಸರು ಶಶಿಕಲಾ. ಮನೆಯವರ ವರ್ಗಾವಣೆಯ ಹಿಂದೆಯೇ ಕೊಚ್ಚಿಗೆ ಬಂದು, ಕಾಕ್ಕನಾಡಿನಲ್ಲಿ ಮನೆ ಮಾಡಿ, ಅಲ್ಲಿಯೇ ಐಟಿ ಪಾರ್ಕಿನ ಒಂದು ಸಣ್ಣ ಕಂಪನಿಯಲ್ಲಿ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದೇನೆ. ಟಿವಿ ರಿಮೋಟಿನ ಹೊಟ್ಟೆ ಬಿಚ್ಚಿದರೆ ಒಳಗೆ ಹಸಿರು ಹಲಗೆ ಕಾಣುತ್ತದಲ್ಲ, ಅದೇ ಬೋರ್ಡು. ಅದರ ಮೇಲೆ ಕೂರುವ ಪ್ರತಿಯೊಂದು ಬಿಡಿಭಾಗಕ್ಕೂ ನಮ್ಮ ಸಾಫ್ಟ್‌ವೇರಿನಲ್ಲಿ ಎರಡು ರೂಪ. ಒಂದು ಸಿಂಬಲ್. ಅದು ಏನು ಕೆಲಸ ಮಾಡುತ್ತದೆ, ಯಾವ ನಂಬರಿನ ಕಾಲಿಗೆ ಯಾವ ತಂತಿ ಎಂದು ತೋರಿಸುವ ಚಿತ್ರ. ಇನ್ನೊಂದು ಫುಟ್‌ಪ್ರಿಂಟ್. ಆ ಕಾಲುಗಳು ಬೋರ್ಡಿನ ಮೇಲೆ ನಿಜವಾಗಿ ಎಲ್ಲಿ ಊರಬೇಕು ಎನ್ನುವ ತೂತುಗಳ ಗುರುತು. ಸಿಂಬಲ್ಲಿಗೆ ಗಾತ್ರವಿಲ್ಲ, ಹೇಗೆ ಬರೆದರೂ ನಡೆಯುತ್ತದೆ. ಫುಟ್‌ಪ್ರಿಂಟ್ ಮಾತ್ರ ಕೂದಲೆಳೆಯಷ್ಟು ಆಚೀಚೆಯಾದರೂ ಕೆಲಸ ಕೆಟ್ಟಿತು. ಇವೆರಡನ್ನೂ ಹೊಂದಿಸಿ, ಸಿಂಬಲ್ಲಿನ ಒಂದನೆಯ ಕಾಲನ್ನು ಫುಟ್‌ಪ್ರಿಂಟಿನ ಒಂದನೆಯ ತೂತಿಗೆ, ಎರಡನೆಯದನ್ನು ಎರಡನೆಯದಕ್ಕೆ ಗಂಟು ಹಾಕುವುದೇ ನನ್ನ ಹೊಟ್ಟೆಪಾಡು.

ಇಷ್ಟು ವಿವರಿಸುವಷ್ಟರಲ್ಲಿ ಕೇಳಿದವರು ಮುಗುಳ್ನಕ್ಕು, "ಓ, ಜಾತಕ ಕೂಡಿಸಿದ ಹಾಗೆ" ಎನ್ನುತ್ತಾರೆ. ಇಲ್ಲಿಯವರೆಗೆ ಒಬ್ಬರಾದರೂ ಬೇರೆ ಏನಾದರೂ ಅಂದಿದ್ದರೆ ಕೇಳಿ. ಅಲ್ಲ ಸ್ವಾಮಿ, ಜಾತಕದ ಹಾಗೆ ಅಲ್ಲ. ಜಾತಕ ಕೂಡದಿದ್ದರೂ ಜನ ಒಂದು ಶಾಂತಿ ಮಾಡಿಸಿ, ಜಗಳವಾಡುತ್ತಲೇ ಷಷ್ಟಿಪೂರ್ತಿಯವರೆಗೆ ಸಂಸಾರ ನಡೆಸುತ್ತಾರೆ. ಕಾಲು ಕೂಡದ ಬಿಡಿಭಾಗ ಬೋರ್ಡಿನ ಮೇಲೆ ಒಂದು ಕ್ಷಣವೂ ಕೂರುವುದಿಲ್ಲ. ಅದಕ್ಕೆ ಹೊಂದಾಣಿಕೆ ಎಂಬ ಪದವೇ ಗೊತ್ತಿಲ್ಲ, ಆ ಮಟ್ಟಿಗೆ ಅದು ನನ್ನ ಹಾಗೆ.

ಇನ್ನು ಈ ಸಾಫ್ಟ್‌ವೇರಿನ ವಿಷಯಕ್ಕೆ ಬಂದರೆ, ಅದನ್ನು ಬರೆದವರು ಒಮ್ಮೆ ಕೈಗೆ ಸಿಗಬೇಕು. ಬೇಡವಾದ ವಿಷಯಕ್ಕೆಲ್ಲ ಅದರ ಬಾಯಿ ದೊಡ್ಡದು. ಒಂದು ಅಕ್ಷರ ಇನ್ನೊಂದು ಅಕ್ಷರಕ್ಕೆ ತಾಗಿದರೆ ಹಳದಿ ತ್ರಿಕೋನ ತೋರಿಸಿ ಎಚ್ಚರಿಸುತ್ತದೆ. ಊಟಕ್ಕೆ ಎದ್ದು ಹೋಗುವಾಗ ಸೇವ್ ಮಾಡಿದ್ದೀಯಾ ಎಂದು ಅತ್ತೆಯ ಹಾಗೆ ಕೇಳುತ್ತದೆ. ಆದರೆ ಎಂಟು ಕಾಲಿನ ಬಿಡಿಭಾಗದ ಸಿಂಬಲ್ಲಿಗೆ ಬೇರೆ ಯಾವುದೋ ಎಂಟು ಕಾಲಿನದರ ಫುಟ್‌ಪ್ರಿಂಟನ್ನು ಅಂಟಿಸಿ ನೋಡಿ, ತುಟಿಪಿಟಕ್ಕೆನ್ನುವುದಿಲ್ಲ. ಎಂಟಕ್ಕೆ ಎಂಟು ಸರಿಹೋಯಿತಲ್ಲ, ಅದಕ್ಕೆ ಅಷ್ಟು ಸಾಕು. ಜೊತೆಗೆ ನಮ್ಮ ಕಂಪನಿಯ ಸಂಗ್ರಹದಲ್ಲಿ ಬಿಟ್ಟು ಹೋದವರೆಲ್ಲ ಮಾಡಿಟ್ಟ ಫುಟ್‌ಪ್ರಿಂಟುಗಳು ರಾಶಿ ಬಿದ್ದಿವೆ. ಒಂದರ ಹೆಸರು 'ಹೊಸದು', ಇನ್ನೊಂದರ ಹೆಸರು 'ನಿಜವಾದ ಹೊಸದು'. ಎರಡರಲ್ಲಿ ಯಾವುದು ಮುಂಚಿನದು ಎಂದು ಹೇಳಬಲ್ಲವರು ಈಗ ದುಬೈಯಲ್ಲಿದ್ದಾರೆ.

ಈ ಅವ್ಯವಸ್ಥೆ ಆಫೀಸಿಗಷ್ಟೇ ಸೀಮಿತ ಎಂದುಕೊಳ್ಳಬೇಡಿ. ಗೀಸರಿನ ದಪ್ಪ ಪ್ಲಗ್ಗು ಗೋಡೆಯ ಸಣ್ಣ ಸಾಕೆಟ್ಟಿಗೆ ಹೋಗದೆ ಎಷ್ಟು ಮನೆಗಳಲ್ಲಿ ಜನ ತಣ್ಣೀರು ಸ್ನಾನ ಮಾಡುತ್ತಿದ್ದಾರೋ ದೇವರೇ ಬಲ್ಲ. ನಮ್ಮ ಮನೆಯಲ್ಲಿ ಕಮೋಡಿನ ಮುಚ್ಚಳ ಮುರಿದಾಗ ನಾನು ಮಾಡಿದ ಮೊದಲ ಕೆಲಸ ಕಮೋಡಿನ ಮೇಲೆ ಪೇಪರ್ ಹಾಸಿ ಅದರ ಆಕಾರವನ್ನೂ ಬೋಲ್ಟಿನ ಎರಡು ತೂತುಗಳನ್ನೂ ಪೆನ್ಸಿಲ್ಲಿನಿಂದ ಗುರುತು ಮಾಡಿಕೊಂಡದ್ದು. ಆ ಪೇಪರನ್ನು ಹಿಡಿದು ಎಡಪ್ಪಳ್ಳಿಯ ಜಂಕ್ಷನ್ನಿನ ಸ್ಯಾನಿಟರಿ ಅಂಗಡಿಗೆ ಹೋದೆವು. ಅಂಗಡಿಯವನು ಪೇಪರಿನ ಕಡೆ ಕಣ್ಣೆತ್ತಿಯೂ ನೋಡದೆ ಒಂದು ಮುಚ್ಚಳ ತೆಗೆದಿಟ್ಟು, "ಇದ್ ಯೂನಿವರ್ಸಲಾ ಮೇಡಂ, ಎಲ್ಲಾತ್ತಿನುಂ ಚೇರುಂ" ಎಂದ, ಅಂದರೆ ಎಲ್ಲದಕ್ಕೂ ಹೊಂದುತ್ತದಂತೆ. ನಾನು ಪೇಪರನ್ನು ಕೌಂಟರಿನ ಮೇಲೆ ಬಿಡಿಸಿ ಮುಚ್ಚಳವನ್ನು ಅದರ ಮೇಲಿಟ್ಟು ತೋರಿಸಿದೆ. ತೂತುಗಳು ಒಂದು ಬೆರಳಿನಷ್ಟು ದೂರ. ಅಷ್ಟರಲ್ಲಿ ನಮ್ಮ ಮನೆಯವರು ಅಂಗಡಿಯಿಂದ ಹೊರಗೆ ಹೋಗಿ, ನನ್ನನ್ನು ಅರಿಯದವರ ಹಾಗೆ ಎದುರಿನ ಮಾಲ್ ನೋಡುತ್ತ ನಿಂತಿದ್ದರು. ಯೂನಿವರ್ಸಲ್ ಎಂದು ಬರೆದಿರುವ ಯಾವ ವಸ್ತುವೂ ಈ ಭೂಮಿಯ ಮೇಲೆ ಯಾವುದಕ್ಕೂ ಹೊಂದಿದ್ದನ್ನು ನಾನು ಕಂಡಿಲ್ಲ.

ಇಂಥ ನನಗೆ ಗಂಟುಬಿದ್ದದ್ದು ರಾಧಾಕೃಷ್ಣನ್ ಸಾರ್. ನಮ್ಮ ಕಂಪನಿಯ ಇನ್ನೊಂದು ಆಫೀಸು ತಿರುವನಂತಪುರದಲ್ಲಿ, ತುಂಬಾ ಎಂಬ ಊರಿನ ಕಡಲಿಗೆ ಹತ್ತಿರ. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದ ರಾಧಾಕೃಷ್ಣನ್ ಸಾರ್ ಅಲ್ಲಿ ಮುಖ್ಯಸ್ಥರು. ಕಂಪನಿಯ ಏರ್ಪಾಡು ಏನೆಂದರೆ ಸಿಂಬಲ್‌ಗಳನ್ನು ತಿರುವನಂತಪುರದಲ್ಲಿ ಅವರು ಮಾಡಬೇಕು, ಫುಟ್‌ಪ್ರಿಂಟ್‌ಗಳನ್ನು ಕೊಚ್ಚಿಯಲ್ಲಿ ನಾನು ಮಾಡಬೇಕು. ತಲೆ ಒಂದು ಊರಿನಲ್ಲಿ, ಕಾಲು ಇನ್ನೊಂದು ಊರಿನಲ್ಲಿ. ಇದನ್ನು ಯಾರು ಯೋಚಿಸಿದರು ಎಂದು ಕೇಳಿದರೆ ಎರಡೂ ಊರಿನವರು ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಆಗ ನಮ್ಮ ಕೈಯಲ್ಲಿದ್ದದ್ದು ಮೀನುಗಾರರ ದೋಣಿಗೆ ಹಾಕುವ ಒಂದು ಸಣ್ಣ ಪೆಟ್ಟಿಗೆ. ಅದೇ ತುಂಬಾ ಊರಿನ ಕಡೆಯ ಮೀನುಗಾರರ ಸೊಸೈಟಿಯೊಂದು ಮಾಡಿಸುತ್ತಿತ್ತು. ದೋಣಿ ಎಲ್ಲಿದೆ ಎಂದು ಅದು ದಡಕ್ಕೆ ತಿಳಿಸಬೇಕು. ಮುಚ್ಚಳದ ಮೇಲೆ ಹಸಿರು ಗುಂಡಿ ಒತ್ತಿದರೆ ಕ್ಷೇಮ, ಕೆಂಪು ಒತ್ತಿದರೆ ಅಪಾಯ. ಮುಚ್ಚಳದ ಗುಂಡಿಗಳಿಗೂ ಒಳಗಿನ ಬೋರ್ಡಿಗೂ ನಡುವೆ ಒಂದು ಕೇಬಲ್, ಆ ಕೇಬಲ್ಲನ್ನು ಚುಚ್ಚಲು ಬೋರ್ಡಿನ ಮೇಲೆ ಎರಡು ಸಾಲು ಕಾಲುಗಳ ಒಂದು ಉದ್ದನೆಯ ಕನೆಕ್ಟರ್, ಒಟ್ಟು ಇಪ್ಪತ್ತಾರು ಕಾಲು. ಬೋರ್ಡನ್ನು ಫ್ಯಾಕ್ಟರಿಗೆ ಕಳಿಸುವ ಮೊದಲು ನಮ್ಮಲ್ಲಿ ಒಂದು ಪದ್ಧತಿಯಿದೆ. ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆದು, ಥರ್ಮಾಕೋಲಿನ ಮೇಲಿಟ್ಟು, ನಿಜವಾದ ಕನೆಕ್ಟರನ್ನು ಅದಕ್ಕೆ ಚುಚ್ಚಿ ನೋಡುವುದು. ಕಾಲುಗಳು ಗುರುತಿನ ಮೇಲೆ ಇಳಿದರೆ ಸರಿ.

ರಾಧಾಕೃಷ್ಣನ್ ಸಾರ್ ಫೋನ್ ಮಾಡಿ ಪೀಠಿಕೆಯಿಲ್ಲದೆ, "ಶಶಿಕಲಾ, ಇದ್ ಕೇರುನ್ನಿಲ್ಲಲ್ಲೋ" ಎಂದರು. ಇದು ಇಳಿಯುತ್ತಿಲ್ಲವಲ್ಲ ಎಂದು. ನಾನು ಇಲ್ಲಿ ಪ್ರಿಂಟ್ ತೆಗೆದು ಚುಚ್ಚಿದೆ. ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯಿತು. ಇಳಿಯುತ್ತದೆ ಸಾರ್ ಎಂದೆ. ಅವರು ಅಲ್ಲಿ ಮತ್ತೆ ಚುಚ್ಚಿ, ಇಳಿಯುವುದಿಲ್ಲ ಎಂದರು. ಮೊದಲ ಕಾಲು ಸರಿಯಾಗಿ ಕೂತರೆ ಕೊನೆಯದು ಗುರುತಿನಿಂದ ಹೊರಗೆ ಹೋಗುತ್ತದಂತೆ. ಆಮೇಲೆ ತಮ್ಮ ಇಂಗ್ಲಿಷು ಮಲಯಾಳಂ ಬೆರೆಸಿದ ಭಾಷೆಯಲ್ಲಿ, ಬಹಳ ಸಮಾಧಾನದಿಂದ, ನಿನ್ನ ಫುಟ್‌ಪ್ರಿಂಟ್ ಸ್ವಲ್ಪ ಚಿಕ್ಕದಾಗಿದೆ, ಅಷ್ಟೂ ತೂತುಗಳನ್ನು ಒಂಚೂರು ಹಿಗ್ಗಿಸಿಬಿಡು, ನಾಳೆಯೇ ಫ್ಯಾಕ್ಟರಿಗೆ ಹೋಗಲಿ ಎಂದರು. ಒಂಚೂರು ಹಿಗ್ಗಿಸಬೇಕಂತೆ, ರವಿಕೆಯ ಹೊಲಿಗೆ ಬಿಚ್ಚಿದ ಹಾಗೆ.

ಹಾಗೆ ಹಿಗ್ಗಿಸಿದರೆ ಆಗುವುದೇನು ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಅಷ್ಟೂ ಬೋರ್ಡುಗಳು ಬರುತ್ತವೆ, ಒಂದಕ್ಕೂ ಕನೆಕ್ಟರ್ ಕೂರುವುದಿಲ್ಲ, ಎಲ್ಲವೂ ಕಸದ ಬುಟ್ಟಿಗೆ. ಕಡಲು ತಿಳಿಯಾಗುವ ಹೊತ್ತಿಗೆ ಪೆಟ್ಟಿಗೆ ಕೊಡುತ್ತೇವೆಂದು ಸೊಸೈಟಿಗೆ ಮಾತು ಕೊಟ್ಟಾಗಿದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಫುಟ್‌ಪ್ರಿಂಟ್ ಯಾರದು? ನನ್ನದು. ಊಟದ ಹೊತ್ತಿಗೆ ಮನೆಯವರ ಮುಂದೆ ಗೋಳು ತೋಡಿಕೊಂಡೆ.

"ಒಂಚೂರು ಅಡ್ಜಸ್ಟ್ ಮಾಡ್ಕೆಂಡ್ರೆ ಏನಾತು? ದೊಡ್ಡೋರು ಹೇಳ್ತಿದಾರೆ" ಎಂದರು ಅವರು, ತಟ್ಟೆಯಲ್ಲಿದ್ದ ಸಾರಿನ ಕಡೆ ನೋಡುತ್ತ.

"ಏನ್ರೀ, ನಿಮ್ ಬ್ಯಾಂಕ್ನಾಗೆ ದೊಡ್ಡೋರು ಹೇಳಿದ್ರು ಅಂತ ಮೂರು ಮೂರು ಸೇರಿ ಏಳು ಅಂತ ಬರಿತೀರೇನು?"

"ಈಗ ಅದ್ಯಾಕೆ?"

"ಮತ್ತೆ ಇದ್ಯಾಕೆ?"

ಮಗಳು ಕೈ ತೊಳೆಯಲು ಏಳುತ್ತ, "ಅಮ್ಮೇ, ಇನಿ ಮದಿ" ಎಂದಳು. ಇಲ್ಲಿ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ. ಇನ್ನು ಸಾಕು ಎಂದು ನನಗೆ ಹೇಳಿದಳೋ ಅಪ್ಪನಿಗೆ ಹೇಳಿದಳೋ ನಾನು ವಿಚಾರಿಸಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಹತ್ತಿ ತಿರುವನಂತಪುರಕ್ಕೆ ಹೋದೆ. ಕೈಚೀಲದಲ್ಲಿ ಒಂದು ಕನೆಕ್ಟರ್, ಒಂದು ಸ್ಟೀಲ್ ಸ್ಕೇಲು, ನಾನೇ ತೆಗೆದ ಪ್ರಿಂಟ್. ಕೊಲ್ಲಂ ದಾಟುವವರೆಗೂ ಮನಸ್ಸಿನಲ್ಲೇ ಭಾಷಣ ತಯಾರಿಸುತ್ತಿದ್ದೆ. ಎದುರಿಗೆ ಕೂತಿದ್ದ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ಕಂಡು ಭಕ್ತೆಯೆಂದು ತಿಳಿದು ಕಾಲು ಮುದುರಿ ಜಾಗ ಬಿಟ್ಟುಕೊಟ್ಟಳು. ಆಫೀಸು ತಲುಪಿ ರಾಧಾಕೃಷ್ಣನ್ ಸಾರ್ ಮೇಜಿನ ಮೇಲೆ ನನ್ನ ಪ್ರಿಂಟನ್ನೂ ಅವರ ಪ್ರಿಂಟನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಅವರದು ಚಿಕ್ಕದಿತ್ತು. ಇಡೀ ಬೋರ್ಡೇ ಚಿಕ್ಕದಿತ್ತು. ಅವರ ಕಂಪ್ಯೂಟರಿನ ಮುಂದೆ ಕೂತು ಪ್ರಿಂಟರಿನ ಸೆಟ್ಟಿಂಗ್ ತೆರೆದರೆ, ಕಾಗದಕ್ಕೆ ಹೊಂದುವಂತೆ ಕುಗ್ಗಿಸು ಎನ್ನುವ ಸಾಲಿನ ಮುಂದೆ ಒಂದು ಸರಿ ಗುರುತು ಕೂತಿತ್ತು. ಆಫೀಸಿನ ಪತ್ರಗಳ ಅಂಚು ಕತ್ತರಿಸಿ ಹೋಗುತ್ತದೆ ಎಂದು ಯಾವಾಗಲೋ ಸಾರ್ ಅವರೇ ಹಾಕಿಸಿದ್ದಂತೆ. ಅಂದರೆ ಆ ಪ್ರಿಂಟರಿನಿಂದ ಹೊರಬಂದ ಪ್ರತಿಯೊಂದು ಬೋರ್ಡೂ, ಪ್ರತಿಯೊಬ್ಬರ ಫುಟ್‌ಪ್ರಿಂಟೂ, ಮಳೆಯಲ್ಲಿ ನೆನೆದ ಹತ್ತಿ ಸೀರೆಯ ಹಾಗೆ ಕುಗ್ಗಿಯೇ ಬಂದಿತ್ತು. ನಾನು ಆ ಗುರುತು ತೆಗೆದು ಹೊಸ ಪ್ರಿಂಟ್ ಕೊಟ್ಟೆ. ಸಾರ್ ಕನ್ನಡಕ ಹಣೆಗೇರಿಸಿ, ಕನೆಕ್ಟರನ್ನು ಎರಡು ಬೆರಳಲ್ಲಿ ಹಿಡಿದು, ನಿಧಾನವಾಗಿ ಒತ್ತಿದರು. ಇಳಿಯಿತು.

ಅವರು ದೊಡ್ಡ ಮನುಷ್ಯರು, ಒಪ್ಪಿಕೊಂಡರು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಪುಟ್ಟು ಕಡಲೆ ಕೊಡಿಸಿದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ರೈಲು ಹತ್ತಬೇಕಿತ್ತು. ಗೆದ್ದವರಿಗೆ ಅಷ್ಟು ಬುದ್ಧಿ ಇರುವುದಿಲ್ಲ. ಎರಡೂ ಆಫೀಸಿನವರನ್ನು ವಿಡಿಯೋ ಕಾಲಿನಲ್ಲಿ ಸೇರಿಸಿ, ಸಿಂಬಲ್ಲನ್ನೂ ಫುಟ್‌ಪ್ರಿಂಟನ್ನೂ ಹೊಂದಿಸುವುದು ಹೇಗೆ ಎಂದು ನಾನು ಒಂದು ಉಪನ್ಯಾಸ ಕೊಟ್ಟೆ. ಅಳತೆ ಎಂದರೇನು, ಜವಾಬ್ದಾರಿ ಎಂದರೇನು, ಅಡ್ಜಸ್ಟ್ ಮಾಡಿಕೊಳ್ಳುವ ಸ್ವಭಾವದಿಂದ ದೇಶಕ್ಕೆ ಆಗಿರುವ ನಷ್ಟವೇನು ಎಂಬಲ್ಲಿಯವರೆಗೂ ಹೋದೆ. ಕೊಚ್ಚಿಯ ಇಬ್ಬರು ಟಿಪ್ಪಣಿ ಬರೆದುಕೊಂಡರು.

ಬೋರ್ಡುಗಳು ಬಂದವು. ಕನೆಕ್ಟರ್ ಎಷ್ಟು ಚೆನ್ನಾಗಿ ಕೂತಿತೆಂದರೆ ಅದರ ಫೋಟೋ ತೆಗೆದು ಮನೆಯವರಿಗೆ ಕಳಿಸಿದೆ. ಅವರು ಒಂದು ಕೈಮುಗಿಯುವ ಚಿತ್ರ ಕಳಿಸಿದರು. ಮಧ್ಯಾಹ್ನ ತಿರುವನಂತಪುರದಲ್ಲಿ ಮೊದಲ ಪೆಟ್ಟಿಗೆ ಜೋಡಿಸಿ, ಚಪ್ಪಟೆ ಕೇಬಲ್ ಚುಚ್ಚಿ, ವಿಡಿಯೋ ಕಾಲಿನಲ್ಲಿ ನಾವೆಲ್ಲ ನೋಡುತ್ತಿರುವಾಗ ಸಾರ್ ಹಸಿರು ಗುಂಡಿ ಒತ್ತಿದರು. ಅಪಾಯದ ಸೈರನ್ ಹೊಡೆದುಕೊಂಡಿತು. ಗಾಬರಿಯಿಂದ ಕೆಂಪು ಗುಂಡಿ ಒತ್ತಿದರು. ಎಲ್ಲ ಕ್ಷೇಮ ಎಂದು ಹಸಿರು ದೀಪ ಹತ್ತಿತು.

ಏನಾಗಿತ್ತು ಎಂದರೆ ಇಷ್ಟೇ. ರಸ್ತೆಯ ಎರಡೂ ಬದಿಯ ಮನೆಗಳಿಗೆ ಎರಡು ರೀತಿಯಲ್ಲಿ ನಂಬರ್ ಕೊಡಬಹುದು. ಎಡಕ್ಕೆ ಒಂದು, ಎದುರು ಮನೆ ಎರಡು, ಮತ್ತೆ ಎಡಕ್ಕೆ ಮೂರು, ಎದುರಿಗೆ ನಾಲ್ಕು, ಹೀಗೆ ಒಂದು ರೀತಿ. ಎಡಬದಿಯಲ್ಲಿ ಕೊನೆಯವರೆಗೂ ಹೋಗಿ, ತಿರುಗಿ, ಬಲಬದಿಯಲ್ಲಿ ಎಣಿಸುತ್ತ ವಾಪಸ್ ಬರುವುದು ಇನ್ನೊಂದು ರೀತಿ. ರಾಧಾಕೃಷ್ಣನ್ ಸಾರ್ ತಮ್ಮ ಸಿಂಬಲ್ಲಿಗೆ ಮೊದಲ ರೀತಿ ನಂಬರ್ ಕೊಟ್ಟಿದ್ದರು. ನಾನು ನನ್ನ ಫುಟ್‌ಪ್ರಿಂಟಿಗೆ ಎರಡನೆಯ ರೀತಿ ಕೊಟ್ಟಿದ್ದೆ. ಕನೆಕ್ಟರ್ ಮಾಡಿದ ಪುಣ್ಯಾತ್ಮರು ತಮ್ಮ ಚಿತ್ರದಲ್ಲಿ ಒಂದನೆಯ ಕಾಲನ್ನು ಮಾತ್ರ ಗುರುತಿಸಿ ಉಳಿದದ್ದನ್ನು ಊಹೆಗೆ ಬಿಟ್ಟಿದ್ದರು. ಸಾಫ್ಟ್‌ವೇರ್ ರಾಧಾಕೃಷ್ಣನ್ ಸಾರ್ ಅವರ ಎರಡನ್ನು ನನ್ನ ಎರಡಕ್ಕೆ, ಅವರ ಮೂರನ್ನು ನನ್ನ ಮೂರಕ್ಕೆ ಕಟ್ಟಿ ಕೈ ತೊಳೆದುಕೊಂಡಿತ್ತು. ಕಾಗದಕ್ಕೆ ಚುಚ್ಚಿ ನೋಡಿದಾಗ ಗೊತ್ತಾಗಲಿಲ್ಲವೇ ಎಂದರೆ, ತೂತಿನ ಮೇಲೆ ನಂಬರ್ ಬರೆದಿರುವುದಿಲ್ಲವಲ್ಲ. ಎರಡು ದಿನ ಆ ಇಪ್ಪತ್ತಾರು ತೂತುಗಳ ದೂರಕ್ಕಾಗಿ ನಾವಿಬ್ಬರೂ ಬಡಿದಾಡಿದೆವು, ಯಾವ ತೂತು ಯಾವುದು ಎಂದು ಒಬ್ಬರೂ ಕೇಳಲಿಲ್ಲ. ಚಪ್ಪಟೆ ಕೇಬಲ್ಲಿನ ತಂತಿಗಳು ಎಡಕ್ಕೊಂದು ಬಲಕ್ಕೊಂದು ಬರುವುದರಿಂದ ಸಾರ್ ಲೆಕ್ಕವೇ ಸರಿಯಂತೆ. ಇರಬಹುದು. ಅದನ್ನು ಕೊಚ್ಚಿಗೆ ಯಾರು ಹೇಳಿದ್ದರು?

ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡೆ. ಸಿಂಬಲ್ ಕಳಿಸುವಾಗ ಎಣಿಸುವ ರೀತಿಯನ್ನೂ ತಿಳಿಸಬೇಕಿತ್ತು ಎಂಬುದು ನನ್ನ ಮೊದಲ ಅಸ್ತ್ರ. ಫೋನ್ ಎತ್ತಿದ ರಾಧಾಕೃಷ್ಣನ್ ಸಾರ್ ನನಗೆ ಬಾಯಿ ತೆರೆಯಲೂ ಬಿಡದೆ, "ಸಾರಮಿಲ್ಲ ಮೋಳೇ" ಎಂದರು. ಪರವಾಗಿಲ್ಲ ಮಗಳೇ, ಎಂದು. ಇದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಬೈಗುಳಕ್ಕೆ ಉತ್ತರವಿದೆ. ಸಾರಮಿಲ್ಲ ಎಂದವರ ಮೇಲೆ ಏನೆಂದು ಹರಿಹಾಯುವುದು? ನನ್ನ ಕಣ್ಣಲ್ಲಿ ನೀರೇ ಬಂತು, ಸಿಟ್ಟಿಗೆ.

ಬೋರ್ಡುಗಳನ್ನು ಎಸೆದು ಹೊಸದು ಮಾಡಿಸಲು ಸಮಯವಿರಲಿಲ್ಲ. ತಿರುವನಂತಪುರದಲ್ಲಿ ಕೇಬಲ್ ಕಟ್ಟುವ ಲೀಲಾ ಚೇಚಿ, ಅಲ್ಲಿನವರಿಗೆಲ್ಲ ಅಕ್ಕ, ಚಪ್ಪಟೆ ಕೇಬಲ್ ಬಿಟ್ಟು, ತಂತಿಗಳನ್ನು ಒಂದೊಂದಾಗಿ ಅಡ್ಡಾದಿಡ್ಡಿ ಜೋಡಿಸಿ, ನನ್ನ ಬೋರ್ಡಿಗೆ ಒಗ್ಗುವ ಕೇಬಲ್ ಕಟ್ಟಲು ಕೂತರು. ಇಡೀ ಕೆಲಸದುದ್ದಕ್ಕೂ ಚೇಚಿ ನನ್ನ ಬಗ್ಗೆ ಏನೇನು ಅಂದರೋ ಯಾರೂ ನನಗೆ ಹೇಳಲಿಲ್ಲ, ಆದರೆ ಆ ಕೇಬಲ್ಲಿಗೆ ಅವರಿಟ್ಟ ಹೆಸರು ಮಾತ್ರ ಕೊಚ್ಚಿಯವರೆಗೂ ಬಂತು. ಮಾಮೂಲಿ ಕೇಬಲ್ಲಿಗೆ ಕೇಬಲ್ ಎನ್ನುತ್ತಾರೆ, ಇದಕ್ಕೆ ಶಶಿಕಲಾ ಎನ್ನುತ್ತಾರೆ. "ನಾಲು ಶಶಿಕಲಾ ಎಡುಕ್ಕ್" ಎಂದು ಒಬ್ಬರಿಗೊಬ್ಬರು ಕೂಗಿ ಹೇಳುವುದನ್ನು ನಾನೇ ಫೋನಿನಲ್ಲಿ ಕೇಳಿದ್ದೇನೆ, ನಾಲ್ಕು ಎತ್ತಿಕೊಡಬೇಕಂತೆ. ಪೆಟ್ಟಿಗೆಗಳು ಹೇಳಿದ ಹೊತ್ತಿಗೆ ದೋಣಿ ಸೇರಿದವು. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು.

ಸೊಸೈಟಿಯವರು ಮೆಚ್ಚಿ ಇನ್ನಷ್ಟು ಪೆಟ್ಟಿಗೆ ಬೇಕೆಂದರು. ಇದಕ್ಕಾಗಿಯೇ ಕಾದಿದ್ದ ನಾನು ಒಂದು ಬೆಳಗ್ಗೆ ಕೂತು ಫುಟ್‌ಪ್ರಿಂಟಿನ ನಂಬರುಗಳನ್ನೆಲ್ಲ ತಿದ್ದಿ, ಸಾರ್ ಸಿಂಬಲ್ಲಿಗೆ ಸರಿಯಾಗಿ ಹೊಂದಿಸಿ, ಇನ್ನು ಯಾವ ಶಶಿಕಲಾಳೂ ಬೇಕಾಗುವುದಿಲ್ಲ ಎಂದು ಬರೆದು ಕಳಿಸಿದೆ. ತಕ್ಷಣ ಫೋನ್ ಬಂತು. ಈ ರಾಜ್ಯಕ್ಕೆ ಬಂದ ದಿನದಿಂದ ಪ್ಲಂಬರ್, ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ಎಲ್ಲರ ಬಾಯಲ್ಲೂ 'ಶರಿಯಾಕ್ಕಾಂ', ಸರಿ ಮಾಡೋಣ, ಎಂಬ ಮಾತು ಕೇಳಿದ್ದೇನೆ. ಆ ದಿನ ಮೊದಲ ಸಲ ಅದರ ಉಲ್ಟಾ ಕೇಳಿದೆ.

"ಶರಿಯಾಕ್ಕಂಡ, ಮೋಳೇ" ಎಂದರು ರಾಧಾಕೃಷ್ಣನ್ ಸಾರ್. ಸರಿ ಮಾಡುವುದು ಬೇಡ.

ಯಾಕೆಂದು ಅವರೇ ಬಿಡಿಸಿ ಹೇಳಿದರು. ದೋಣಿಗಳಲ್ಲಿ, ಸೊಸೈಟಿಯ ಗೋದಾಮಿನಲ್ಲಿ, ರಿಪೇರಿಯವರ ಬಳಿ, ಎಲ್ಲೆಡೆ ಇರುವುದು ಆ ಅಡ್ಡಾದಿಡ್ಡಿ ಕೇಬಲ್ಲೇ. ಉಪ್ಪುಗಾಳಿಗೆ ಕೇಬಲ್ ಕೆಟ್ಟರೆ ಕೈಗೆ ಸಿಕ್ಕಿದ್ದನ್ನು ಚುಚ್ಚುತ್ತಾರೆ. ಸರಿಯಾದ ಬೋರ್ಡಿಗೆ ಆ ಕೇಬಲ್ ಚುಚ್ಚಿದರೆ, ಕಡಲ ನಡುವೆ ಯಾರೋ ಜೀವ ಹಿಡಿದುಕೊಂಡು ಕೆಂಪು ಗುಂಡಿ ಒತ್ತಿದಾಗ ದಡದಲ್ಲಿ ಕ್ಷೇಮ ಎಂದು ದೀಪ ಹತ್ತುತ್ತದೆ. ಅವರ ಮಾತು ಸರಿಯಾಗಿತ್ತು, ಅದಕ್ಕೇ ಮೈಯೆಲ್ಲ ಉರಿಯಿತು.

ಫೋನಿಟ್ಟು ನಂಬರುಗಳನ್ನೆಲ್ಲ ಒಂದೊಂದಾಗಿ ಮತ್ತೆ ಮೊದಲಿನಂತೆಯೇ ಕೆಡಿಸಿದೆ. ಅರೆಬರೆ ಕೆಡಿಸಿದರೆ ನಡೆಯುವುದಿಲ್ಲ, ಹಿಂದೆ ಎಷ್ಟು ಕೆಟ್ಟಿತ್ತೋ ಅಷ್ಟೇ ಕೆಡಬೇಕು. ಆದ್ದರಿಂದ ಹಳೆಯ ಬೋರ್ಡೊಂದನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳಿಟ್ಟು ಎಣಿಸಿ, ಇಪ್ಪತ್ತಾರು ಕಾಲುಗಳಲ್ಲಿದ್ದ ತಪ್ಪುಗಳನ್ನೆಲ್ಲ ತಾಳೆ ನೋಡಿದೆ. ಹನ್ನೊಂದನೆಯ ಕಾಲು ಮಾತ್ರ, ನನ್ನ ಕೈ ಅಭ್ಯಾಸದಿಂದಲೋ ಏನೋ, ಸರಿಯಾಗಿ ಕೂತುಬಿಟ್ಟಿತ್ತು. ಇಂಥ ಅಜಾಗರೂಕತೆಯನ್ನು ನಾನು ಯಾರಲ್ಲೂ ಸಹಿಸುವುದಿಲ್ಲ. ಅದನ್ನೂ ತಪ್ಪು ಮಾಡಿ, ಇನ್ನೊಮ್ಮೆ ನೋಡಿ, ಫ್ಯಾಕ್ಟರಿಗೆ ಕಳಿಸಿದೆ.